ಚೇಂಬರ್ ರಾಯರು

ಸಂಬಳದ ಚೀಟಿಯಲ್ಲಿ ಅವರಿಗೆ ಬೇರೆ ಹೆಸರಿದೆ. ಆಫೀಸಿನಲ್ಲಿ ಮಾತ್ರ ಎಲ್ಲರಿಗೂ ಅವರು ಚೇಂಬರ್ ರಾಯರು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ಅಮೆರಿಕದ ರಸ್ತೆ ಬಿಡಿಸುವ ಯಾವ ಡಿಸೈನ್ ಆಫೀಸಿಗೆ ಬೇಕಾದರೂ ಹೋಗಿ ನೋಡಿ, ಎ.ಸಿ. ನೇರವಾಗಿ ಬೀಳದ ಒಂದು ಮೂಲೆಯಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಆ ರಸ್ತೆಗಳನ್ನು ಅವರು ಕಣ್ಣಾರೆ ಕಂಡಿಲ್ಲ. ಅವುಗಳ ಅಡಿಯ ಮೋರಿಗಳ ಜಾತಕ ಮಾತ್ರ ಬಾಯಿಪಾಠ.

ಈ ನಕ್ಷೆಗಳನ್ನು ಬಿಡಿಸುವ ಸಿವಿಲ್ 3ಡಿ ತಂತ್ರಾಂಶದ ಜೊತೆಗೇ ಒಂದು ಕ್ಯಾಟಲಾಗ್ ಬರುತ್ತದೆ. ದುಂಡನೆಯ ಮ್ಯಾನ್‌ಹೋಲ್, ಚೌಕದ ಚೇಂಬರ್, ನೀರು ಹೊರಬೀಳುವಲ್ಲಿ ನಿಲ್ಲಿಸಲು ಹೆಡ್‌ವಾಲ್, ಎಲ್ಲ ಸಿದ್ಧವಾಗಿರುತ್ತವೆ. ಉಳಿದವರು ಬಡಿಸಿದ್ದನ್ನು ಉಂಡು ಎಲೆ ಮಡಿಸುತ್ತಾರೆ. ರಾಯರು ಮಡಿ. ಪರರು ಮಾಡಿದ್ದು ಅವರಿಗೆ ಆಗಿಬರುವುದಿಲ್ಲ, ಏನಿದ್ದರೂ ಸ್ವಯಂಪಾಕ. ಆ ಅಡುಗೆಮನೆಯ ಹೆಸರು ಪಾರ್ಟ್ ಬಿಲ್ಡರ್.

ಅಲ್ಲಿ ಒಲೆ ಹಚ್ಚುವುದಕ್ಕೇ ಅರ್ಧ ದಿನ ಬೇಕು. ಮೊದಲು ವರ್ಕ್ ಪ್ಲೇನ್ ಹಾಕಬೇಕು. ಅದರ ಮೇಲೆ ಆಕಾರ ಗೀಚಿ, ಈ ಗೆರೆ ಆ ಗೆರೆಗೆ ಸಮಾನಾಂತರ, ಇನ್ನೊಂದಕ್ಕೆ ಲಂಬ ಎಂದು ಕಟ್ಟುಪಾಡು ವಿಧಿಸಬೇಕು. ಅಳತೆಗಳಿಗೆ ಒಂದೊಂದಾಗಿ ನಾಮಕರಣ ಮಾಡಿ, ಆಕಾರವನ್ನು ಎಳೆದು ಗೋಡೆ ನಿಲ್ಲಿಸಬೇಕು. ನಡುವೆ ಕೈ ತಪ್ಪಿದರೆ ಅನ್‌ಡೂ ಕಾಪಾಡುತ್ತದೆಂದು ನೆಚ್ಚುವ ಹಾಗಿಲ್ಲ. ಮತ್ತೆ ಆಚಮನದಿಂದ ಶುರು. ಆಗ ರಾಯರ ಮುಖ ನೋಡಬೇಕು, ಸಿಟ್ಟಿನ ಸುಳಿವೂ ಇರುವುದಿಲ್ಲ. ಎರಡನೇ ಸಲ ಮಾಡುವ ಅವಕಾಶ ಸಿಕ್ಕಿತಲ್ಲ ಎಂಬ ಸಮಾಧಾನ.

ಹೊಸದಾಗಿ ಸೇರಿದ ಹುಬ್ಬಳ್ಳಿಯ ಹುಡುಗಿಯನ್ನು ಒಂದು ದಿನ ಪಕ್ಕಕ್ಕೆ ಕೂರಿಸಿಕೊಂಡರು. "ನೋಡಮ್ಮ, ಎಲ್ಲಕ್ಕಿಂತ ಮುಖ್ಯ ಎಸ್‌ಆರ್‌ಎಸ್." ಅವಳಿಗೆ ಗೊತ್ತಿದ್ದ ಎಸ್‌ಆರ್‌ಎಸ್ ಎಂದರೆ ಊರಿಗೆ ಹೋಗುವ ರಾತ್ರಿ ಬಸ್ಸು.

"ರಿಮ್‌ನಿಂದ ಸಂಪ್‌ವರೆಗಿನ ಎತ್ತರ ಕಣಮ್ಮ. ಮೇಲಿನ ಅಂಚಿನಿಂದ ತಳದವರೆಗೆ."

"ಸಂಪ್‌ನ್ಯಾಗ ಕುಡಿಯೋ ನೀರ ಅಲ್ರೀ ಸರ್ ಇರೂದು?"

ರಾಯರು ಅರ್ಧ ನಿಮಿಷ ಮೌನವಾದರು. ಬೆಂಗಳೂರಿನವರು ಟ್ಯಾಂಕರ್ ನೀರು ತುಂಬಿಸಿ ಬೀಗ ಜಡಿಯುವ ಜಾಗಕ್ಕೂ ಮೋರಿಯ ತಳಕ್ಕೂ ಒಂದೇ ಹೆಸರೆಂಬುದನ್ನು ಇಷ್ಟು ವರ್ಷದಲ್ಲಿ ಯಾರೂ ಅವರ ಗಮನಕ್ಕೆ ತಂದಿರಲಿಲ್ಲ. "ಕ್ಯಾಟಲಾಗ್‌ನಲ್ಲಿ ಹಾಗೇನೂ ಬರೆದಿಲ್ಲಮ್ಮ" ಎಂದು ಮಾತು ಮುಗಿಸಿದರು. ಆದರೆ ಅಂದು ಮಧ್ಯಾಹ್ನ ಫಿಲ್ಟರಿನ ನೀರನ್ನೂ ಕುಡಿಯಲಿಲ್ಲವಂತೆ.

ನಕ್ಷೆ ಕಳಿಸುವ ದಿನ ಇವರಿಗೂ ಮ್ಯಾನೇಜರಿಗೂ ನಡೆಯುವ ಸಂಭಾಷಣೆ ಎಂದೂ ಬದಲಾಗಿಲ್ಲ. ರಾಯರು ಚೇಂಬರಿನ ತಳದಲ್ಲಿ ಬೆಂಚಿಂಗಿನ ಇಳಿಜಾರು ಕೂರಿಸುತ್ತಿರುತ್ತಾರೆ. "ರಾಯರೇ, ಒಂದು ಇಂಚಿಗೆ 50 ಅಡಿ ಸ್ಕೇಲು. ನಿಮ್ಮ 4 ಅಡಿಯ ಪೆಟ್ಟಿಗೆ ಹಾಳೆ ಮೇಲೆ 2 ಮಿಲಿಮೀಟರ್. ಸಾಸಿವೆ ಕಾಳು! ಅದರೊಳಗಿನ ಇಳಿಜಾರು ಯಾರಿಗೆ ಕಾಣಬೇಕು?" ರಾಯರು ತಲೆ ಎತ್ತದೆ ಹೇಳುತ್ತಾರೆ: "ನೀರಿಗೆ ಕಾಣುತ್ತಲ್ಲ ಸರ್."

ಪಾರ್ಟ್ ಕೊನೆಗೂ ಸಿದ್ಧವಾದರೆ ಇನ್ನೊಂದು ರಗಳೆ. ಅದು ಡ್ರಾಯಿಂಗ್, ಎಕ್ಸ್‌ಎಮ್‌ಎಲ್, ಚಿತ್ರ ಎಂದು ಬೇರೆ ಬೇರೆ ಫೈಲುಗಳಾಗಿ ಅವರ ಮಷೀನಿನ ಕ್ಯಾಟಲಾಗ್‌ನಲ್ಲೇ ಕೂತಿರುತ್ತದೆ. ಅವನ್ನು ಸರ್ವರಿಗೆ ಸಾಗಿಸಿ, ಕ್ಯಾಟಲಾಗ್ ರೀಜನರೇಟ್ ಮಾಡಿದರಷ್ಟೇ ಉಳಿದವರು ಅದನ್ನು ಬಳಸಲು ಸಾಧ್ಯ. ರಾಯರು ಮರೆಯುತ್ತಾರೆ. "ನನ್ನ ಮಷೀನಲ್ಲಿ ಬರ್ತಿದೆಯಲ್ಲ!" ಎನ್ನುತ್ತಾರೆ, ಉಪ್ಪಿನಕಾಯಿ ಭರಣಿಯನ್ನು ಅಟ್ಟದ ಮೇಲಿಟ್ಟು ಮನೆಯವರೆಲ್ಲ ತಿನ್ನಲಿ ಎನ್ನುವ ಅಜ್ಜಿಯ ಹಾಗೆ.

ಹೋದ ವರ್ಷ ರಾಯರ ಮನೆಯ ಹಳೇ ಚೇಂಬರ್ ಕುಸಿಯಿತು. ಮೇಸ್ತ್ರಿ ಬಂದ. ರಾಯರು ಮೂರು ಹಾಳೆ ಪ್ರಿಂಟ್ ಮುಂದಿಟ್ಟರು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಗಾಳಿಗೆ ಹಾರದಿರಲಿ ಎಂದು ಇಟ್ಟಿಗೆ ಹೇರಿದ. "ಪೈಪು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ, ಅಷ್ಟು ಹೇಳಿ ಸಾರ್." ರಾಯರು ತೋರಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟಿಗೆ ಕಟ್ಟು ಮೇಲೆದ್ದಿತ್ತು. ವರ್ಕ್ ಪ್ಲೇನ್ ಇಲ್ಲ, ಕಟ್ಟುಪಾಡಿಲ್ಲ, ಒಂದು ತೂಕದ ಗುಂಡು, ಒಂದು ದಾರ. ಬಕೆಟ್ ನೀರು ಸುರಿದರೆ ಸರಾಗವಾಗಿ ಹರಿದುಹೋಯಿತು.

ರಾಯರು ಟೇಪು ಹಿಡಿದರು. ಒಂದು ಬದಿ 2 ಇಂಚು ಜಾಸ್ತಿ.

"ಇರ್ಲಿ ಬಿಡಿ ಸಾರ್, ಕೈ ಆಡೋಕೆ ಜಾಗ ಬೇಕಲ್ಲ."

ಸೋಮವಾರ ಎಲ್ಲರಿಗಿಂತ ಮುಂಚೆ ಆಫೀಸಿಗೆ ಬಂದು ರಾಯರು ಪಾರ್ಟ್ ಬಿಲ್ಡರ್ ತೆರೆದಿದ್ದರು. ಸಂಜೆಗೆ ಕ್ಯಾಟಲಾಗ್‌ನಲ್ಲಿ ಹೊಸ ಚೇಂಬರ್. ಅದರ ಅಳತೆಗಳ ನಡುವೆ ಎಂಎಸ್‌ಟಿ ಎಂಬುದೊಂದು, ಬೆಲೆ 2 ಇಂಚು. ಅದೇನೆಂದು ಹುಬ್ಬಳ್ಳಿಯ ಹುಡುಗಿ ಕೇಳಿದಳು.

"ಮೇಸ್ತ್ರಿ" ಎಂದರು ರಾಯರು. ಈ ಸಲ ಸರ್ವರಿಗೆ ಹಾಕುವುದನ್ನೂ ಮರೆತಿರಲಿಲ್ಲ.