ಬೂದಿ ಬಣ್ಣದ ಫಾರಿನ್ನು

ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾನುವಾರ ಬೆಳಕು ಹರಿಯುವುದೇ ಲಂಡನ್ನಿನ ಫೋಟೋಗಳಿಂದ. ಅಕ್ಕನ ನಾದಿನಿಯ ಮಗ ಅಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಓದುತ್ತಿದ್ದಾನೆ ಎಂಬುದು ನಂಬಿಕೆಯ ಮಾತು. ನಮ್ಮ ಕಣ್ಣಿಗೆ ಬಿದ್ದದ್ದು ಬರೀ ತಿರುಗಾಟ. ಸೇತುವೆಯ ಮೇಲೆ ಒಂದು ಫೋಟೋ, ಸೇತುವೆಯ ಕೆಳಗೆ ಒಂದು, ಕಾಫಿ ಲೋಟದ ಮೇಲೆ ಅವನ ಹೆಸರನ್ನು ತಪ್ಪಾಗಿ ಬರೆದದ್ದು ಇನ್ನೊಂದು. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು ಎಂಬುದು ಅಲ್ಲಿನ ಸ್ಟೂಡೆಂಟ್ ವೀಸಾದ ಕಟ್ಟಳೆ. ಆ ಇಪ್ಪತ್ತು ಗಂಟೆಯ ಒಂದೇ ಒಂದು ಫೋಟೋ ಈವರೆಗೆ ಗುಂಪಿಗೆ ಬಂದಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ ಎಂದು ಒಂದು ರಾತ್ರಿ ನನಗೊಬ್ಬನಿಗೇ ಫೋನು ಮಾಡಿ ಹೇಳಿದ್ದ. ಇಲ್ಲಿ ಬರೆಯಬಾರದಿತ್ತು, ಬರೆದಾಯಿತು.

ಅಕ್ಕನ ಮಗನೂ ಲಂಡನ್ನಿಗೇ ಹೋಗಬೇಕಿತ್ತು. ಕನ್ಸಲ್ಟೆನ್ಸಿಯವರೊಬ್ಬರು ಎರಡು ಸಲ ದುಡ್ಡು ಇಸಿದುಕೊಂಡು ಮೂರು ಸಲ ‘ಮುಂದಿನ ಇನ್‌ಟೇಕ್’ ಎಂದರು. ಹುಡುಗ ಬೇಸತ್ತು ಚೆನ್ನೈಗೆ ಹೋಗಿ ಸೇರಿಕೊಂಡ. ಶಕ್ತಿನಗರದಲ್ಲಿರುವ ಅಕ್ಕ ನೆಂಟರು ಕೇಳಿದರೆ “ಹೊರಗ ಓದಕತ್ಯಾನ” ಎನ್ನುತ್ತಾಳೆ. ಯಾವುದರ ಹೊರಗೆ ಎಂದು ಅವಳೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಸುಳ್ಳಂತೂ ಅಲ್ಲ.

ಹಿಂದೆ ಇದೇ ಮದರಾಸು ನಮಗೆ ಸಾಕಷ್ಟು ಫಾರಿನ್ನಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ತನಕ ಮೈಸೂರಿನ ಹುಡುಗರ ಪದವಿಗೆ ಮದರಾಸಿನ ಮುದ್ರೆಯೇ ಬೀಳಬೇಕಿತ್ತು. ದಕ್ಷಿಣ ಕನ್ನಡದವರು 1956ರವರೆಗೂ ಮದರಾಸಿಗೇ ಸೇರಿದ್ದರು. ಮದರಾಸಿನ ಬಿ.ಎ. ಎಂದರೆ ಹೆಣ್ಣು ಕೊಡುವವರು ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಯುತ್ತಿದ್ದ ಕಾಲ ಅದು. ಈಗ ಅದೇ ಊರಿನ ಹೆಸರು ಹೇಳಿದರೆ “ಪಾಪ, ಎಲ್ಲೂ ಸಿಗಲಿಲ್ಲವಾ?” ಎಂದು ಕೇಳುತ್ತಾರೆ. ಮದರಾಸಿನ ಐಐಟಿ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಎದ್ದು ನಿಂತದ್ದು. ಆ ಲೆಕ್ಕದಲ್ಲಿ ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋದ ನಮ್ಮ ಹುಡುಗ ಕಾಲು ಭಾಗ ಜರ್ಮನಿಗೆ ಹೋಗಿಬಂದಂತೆಯೇ ಎಂದು ನಾನು ವಾದಿಸಿ ನೋಡಿದೆ. ಗುಂಪಿನಲ್ಲಿ ಯಾರೂ ಹೆಬ್ಬೆರಳು ಎತ್ತಲಿಲ್ಲ.

ಒಂದು ಭಾನುವಾರ ನಾದಿನಿ ಬರೆದೇಬಿಟ್ಟಳು: “ವೈನಿ, ನಿಮ್ಮ ಹುಡುಗ ಎಲ್ಲೂ ತಿರಗ್ಯಾಡಂಗಿಲ್ಲೇನು?” ಹಿಂದೆಯೇ ಮೂರು ಕೈಮುಗಿದ ಚಿತ್ರಗಳು. ಆ ಕೈಗಳು ಮುಗಿದದ್ದೋ ಕುತ್ತಿಗೆಗೆ ಬಂದದ್ದೋ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಾಯಿತು. ಹುಡುಗನಿಗೂ.

ಆ ವಾರ ನಾನು ಚೆನ್ನೈನಲ್ಲೇ ಇದ್ದೆ. “ಮಾಮಾ, ನಾಳೆ ಔಟಿಂಗು” ಎಂದ. ಎಲ್ಲಿಗೆ ಎಂದರೆ ಎಣ್ಣೂರಿಗೆ. ಜಾಗ ಆರಿಸಿದವರು ಹಾಸ್ಟೆಲಿನ ಅವನ ಇಬ್ಬರು ಕನ್ನಡದ ಗೆಳೆಯರು, ಆರಿಸಿದ್ದು ಬರೀ ಹೆಸರು ಕೇಳಿ. ಎಣ್ಣೆ ಸೇರಿಸು ಊರು, ಎಣ್ಣೂರು. ಆಗಮವೋ ಲೋಪವೋ ಸಂಧಿ ಮಾತ್ರ ಖಾತ್ರಿ ಎಂದುಕೊಂಡಿದ್ದರು. ಪಾಪ, ಅವರ ಎಣಿಕೆ ಪೂರ್ತಿ ತಪ್ಪೂ ಅಲ್ಲ. 2017ರ ಜನವರಿ 28ರ ನಸುಕಿನಲ್ಲಿ ಎಣ್ಣೂರಿನ ಬಂದರಿನ ಹೊರಗೆ ಎರಡು ಹಡಗು ಡಿಕ್ಕಿ ಹೊಡೆದುಕೊಂಡು ಕಡಲಿಗೆ ಎಣ್ಣೆ ಸುರಿಯಿತು. ಅಂಥದ್ದೇನೂ ಆಗಿಲ್ಲ ಎಂಬ ಹೇಳಿಕೆ ಮೊದಲು ಬಂತು, ಎಣ್ಣೆ ಆಮೇಲೆ ದಡಕ್ಕೆ ಬಂತು. ರಾಕೆಟ್ಟು ಹಾರಿಸುವ ದೇಶ ಕರಿ ರಾಡಿಯನ್ನು ಬಕೆಟ್ಟಿನಿಂದ ಗೋರಿತು. ಗೋರಿದವರಲ್ಲಿ ಕಾಲೇಜಿನ ಹುಡುಗ ಹುಡುಗಿಯರೂ ಇದ್ದರು. ವಿದ್ಯಾರ್ಥಿಗಳ ಔಟಿಂಗಿಗೆ ಎಣ್ಣೂರು ಹೊಸತೇನಲ್ಲ.

ಸೆಂಟ್ರಲ್ಲಿನ ಪಕ್ಕದ ಮೂರ್ ಮಾರ್ಕೆಟ್ ನಿಲ್ದಾಣದಲ್ಲಿ ಗುಮ್ಮಿಡಿಪೂಂಡಿ ಲೋಕಲ್ ಹತ್ತಿದೆವು. ಟಿಕೆಟಿಗೆ ಒಂದು ಚಹಾದಷ್ಟೂ ದುಡ್ಡಿಲ್ಲ. ಕೊರುಕ್ಕುಪೇಟೆ, ತಿರುವೊಟ್ಟಿಯೂರು, ವಿಮ್ಕೋ ನಗರ, ಕತ್ತಿವಾಕ್ಕಂ ಎಂದು ಸಾಗಿದಂತೆ ಕಿಟಕಿಯ ಗಾಳಿಗೆ ಒಂದೊಂದು ಸ್ಟೇಷನ್ನಿಗೆ ಒಂದೊಂದು ರುಚಿ. ಬ್ರಿಟಿಷರ ಕಾಲದಲ್ಲಿ ಮದರಾಸಿನ ದೊರೆಗಳು ದೊರೆಸಾನಿಯರು ಹವಾ ಬದಲಾವಣೆಗೆಂದು ಬರುತ್ತಿದ್ದುದು ಇಲ್ಲಿಗೇ. ಹವೆ ನಿಜವಾಗಿಯೂ ಬದಲಾಗಿದೆ.

ಅಳಿವೆಯ ಸೇತುವೆಯ ಮೇಲೆ ನಿಂತರೆ ಕೊಸಸ್ತಲೈಯಾರ್ ಕಡಲು ಸೇರುವ ಜಾಗ. ಆಚೆ ದಡದಲ್ಲಿ ಉತ್ತರ ಚೆನ್ನೈ ಉಷ್ಣಸ್ಥಾವರದ ಚಿಮಣಿಗಳು. ಹುಡುಗ ಫೋನು ತೆಗೆದು ಲಂಡನ್ನಿನವನ ಒಂದು ಫೋಟೋ ತೋರಿಸಿದ: ಬ್ಯಾಟರ್ಸೀ ಎಂಬಲ್ಲಿ ನಾಲ್ಕು ಬಿಳಿ ಚಿಮಣಿಗಳ ಮುಂದೆ ಅವನು ಹಲ್ಲು ಕಿರಿದು ನಿಂತದ್ದು. ಅದೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೇ. 1983ರಲ್ಲಿ ಅದರ ಉರಿ ನಿಂತಿತು, 2022ರಲ್ಲಿ ಮಾಲ್ ಆಗಿ ಬಾಗಿಲು ತೆರೆಯಿತು. ಒಂದು ಚಿಮಣಿಯೊಳಗೆ ಗಾಜಿನ ಲಿಫ್ಟಿದೆ. ಟಿಕೆಟ್ ಕೊಂಡರೆ 109 ಮೀಟರ್ ಮೇಲಕ್ಕೆ ಒಯ್ದು ಊರು ತೋರಿಸುತ್ತದೆ. ಅಂದರೆ ಹೊಗೆ ಹೋಗುತ್ತಿದ್ದ ದಾರಿಯಲ್ಲಿ ಈಗ ವಿದ್ಯಾರ್ಥಿಗಳು ದುಡ್ಡು ಕೊಟ್ಟು ಹೋಗುತ್ತಾರೆ. ಲಂಡನ್ನಿನವರಿಗೂ ಈ ಬುದ್ಧಿ ಒಂದೇ ದಿನದಲ್ಲಿ ಬಂದದ್ದಲ್ಲ; 1952ರ ಡಿಸೆಂಬರಿನಲ್ಲಿ ಐದು ದಿನ ಕಲ್ಲಿದ್ದಲ ಹೊಗೆ ಮುಸುಕಿ ಸಾವಿರಾರು ಮಂದಿ ಸತ್ತ ನಾಲ್ಕು ವರ್ಷಕ್ಕೆ ಗಾಳಿಗೆ ಕಾನೂನು ಬಂತು. ನಮ್ಮಲ್ಲೂ 1970ರಲ್ಲಿ ಉರಿ ಹಚ್ಚಿದ ಎಣ್ಣೂರಿನ ಹಳೆಯ ಸ್ಥಾವರವನ್ನು 2017ರಲ್ಲಿ ಮುಚ್ಚಿದರು. ಮಾಲ್ ಏನೂ ಏಳಲಿಲ್ಲ. ಆದರೆ ಎದುರಿಗೆ ಹೊಗೆಯಾಡುವ ಜೀವಂತ ಚಿಮಣಿಗಳಿವೆ, ಟಿಕೆಟ್ಟಿಲ್ಲ, ಸರದಿಯಿಲ್ಲ. ಬಾಯಿ ತೆರೆದು ನಿಂತರೆ ಸಾಕು, ಲಿಫ್ಟಿನ ಕೆಲಸವನ್ನು ಹೊಗೆಯೇ ತಿರುಗುಮುರುಗಾಗಿ ಮಾಡುತ್ತದೆ.

ಮೊದಲ ಫೋಟೋ ಹೀಗೆ ಸಿಕ್ಕಿತು. ಚಿಮಣಿ, ಮಂಜಿನಂಥ ಹೊಗೆ, ನೀರು. ಕೆಳಗಿನ ಎರಡು ಬೆರಳು ಕತ್ತರಿಸಿದ, ಲಂಡನ್ನಾಯಿತು. ಕತ್ತರಿಸಿಹೋದ ಎರಡು ಬೆರಳಿನಲ್ಲಿ ಒಬ್ಬಳು ಹೆಂಗಸು ಎದೆಮಟ್ಟದ ನೀರಿನಲ್ಲಿ ಕೂತು ಕೈಯಿಂದ ತಡಕಿ ಸಿಗಡಿ ಹಿಡಿಯುತ್ತಿದ್ದಳು. ಬಲೆಯಿಲ್ಲ, ದೋಣಿಯಿಲ್ಲ. ಹಿಡಿದದ್ದನ್ನು ಹಾಕಿಕೊಳ್ಳುವ ಚೀಲವನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಬೂದಿಯ ಕೆಸರು ತುಂಬಿ ಅಳಿವೆಯ ತಳ ಮೇಲೆ ಬಂದಿದೆ, ಆದ್ದರಿಂದ ಕೂತರೂ ಮುಳುಗುವುದಿಲ್ಲ. ಕನ್ನಡದಲ್ಲಿ ಅಳಿವೆಗೂ ಅಳಿವಿಗೂ ಒಂದು ಅಕ್ಷರದ ಅಂತರವಿದೆ. ಎಣ್ಣೂರಿನಲ್ಲಿ ಅಷ್ಟೂ ಉಳಿದ ಹಾಗೆ ಕಾಣಲಿಲ್ಲ.

“ಇಲ್ಲಿ ಹಕ್ಕಿ ಇರ್ತಾವಂತ ಮಾಮಾ, ಪೆಲಿಕನ್ನು” ಎಂದ ಒಬ್ಬ ಗೆಳೆಯ. ಪೆಲಿಕನ್ ಎಂದರೆ ನಮ್ಮ ಹೆಜ್ಜಾರ್ಲೆ. ಮಂಡ್ಯದ ಕೊಕ್ಕರೆ ಬೆಳ್ಳೂರಿನಲ್ಲಿ ಅದನ್ನು ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ಇಲ್ಲಿ 2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ಮಳೆಯ ಜೊತೆ ಮಣಲಿಯ ಕಡೆಯಿಂದ ಎಣ್ಣೆ ಹರಿದುಬಂದಾಗ, ಹೆಜ್ಜಾರ್ಲೆಗಳು ಅಭ್ಯಂಜನ ಮಾಡಿಸಿಕೊಂಡಂತೆ ಕಪ್ಪಾಗಿ ಕೂತಿದ್ದವು. ಅದೇ ತಿಂಗಳ 26ರ ನಡುರಾತ್ರಿ ಗೊಬ್ಬರದ ಕಾರ್ಖಾನೆಯೊಂದರ ಕಡಲೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ, ಮೀನುಗಾರರ ಕುಪ್ಪಂಗಳ ಜನ ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಓಡಿದರು. ಅದೂ ಒಂದು ಔಟಿಂಗೇ. ಅದರ ಫೋಟೋ ತೆಗೆದುಕೊಳ್ಳಲು ಅವರಿಗೆ ಪುರುಸೊತ್ತು ಸಿಕ್ಕಿರಲಾರದು.

ಈ ಜಾಗಕ್ಕೆ ಹಾಡಿನ ಭಾಗ್ಯವೂ ಇದೆ. ಗಾಯಕ ಟಿ.ಎಂ. ಕೃಷ್ಣ ಇಲ್ಲಿಯೇ ನಿಂತು ‘ಪೊರಂಬೋಕು’ ಎಂಬ ಹಾಡನ್ನು ಶುದ್ಧ ಕರ್ನಾಟಕ ಸಂಗೀತದಲ್ಲಿ ಹಾಡಿದ ವಿಡಿಯೊ 2017ರ ಜನವರಿಯಲ್ಲಿ ಹೊರಬಂದಿತ್ತು. ಪೊರಂಬೋಕು ಎಂದರೆ ಯಾರೊಬ್ಬರಿಗೂ ಸೇರದ, ಎಲ್ಲರಿಗೂ ಸೇರಿದ ನೆಲ: ಕೆರೆ, ಹಳ್ಳ, ಮೇವಿನ ಜಾಗ. ತಮಿಳರು ಅದನ್ನು ಬೈಗುಳ ಮಾಡಿಕೊಂಡಿದ್ದಾರೆ. ನಾವು ಇನ್ನೂ ಜಾಣರು, ಪಹಣಿಯಲ್ಲೇ ಅದಕ್ಕೆ ‘ಬಿ ಖರಾಬು’ ಎಂದು ಬರೆದಿಟ್ಟಿದ್ದೇವೆ. ಮೊದಲೇ ಖರಾಬು ಎಂದ ಮೇಲೆ ಕೆಡಿಸಿದ ಪಾಪ ಯಾರಿಗೂ ತಟ್ಟುವುದಿಲ್ಲ. ವೀಸಾ ಸಿಗದ ಹುಡುಗನನ್ನು ನೆಂಟರು ನೋಡುವ ನೋಟವೂ ಹೆಚ್ಚು ಕಡಿಮೆ ಇದೇ ಖಾತೆಯದು.

ಸಂಜೆಯ ಹೊತ್ತಿಗೆ ಅತ್ತಿಪಟ್ಟು ಪುದುನಗರದ ಕಡೆ, ಸೆಪ್ಪಾಕ್ಕಂ ಎಂಬ ಹಳ್ಳಿಯ ಬದಿಗೆ ಆಟೋ ಮಾಡಿಕೊಂಡು ಹೋದೆವು. ಸ್ಥಾವರದ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ತಂದು ಸುರಿಯುವ ಹೊಂಡ ಅಲ್ಲಿದೆ. ಹೊಂಡ ಎಂದು ಕಾಗದದಲ್ಲಿ ಹೆಸರು. ಕಣ್ಣಿಗೆ ಅದು ಬಯಲು. ಒಣಗಿದ ಕಡೆ ಬಿಳಿ, ಒದ್ದೆಯ ಕಡೆ ಸೀಸದ ಬಣ್ಣ, ದಿಗಂತದವರೆಗೆ ಒಂದು ಹುಲ್ಲುಕಡ್ಡಿಯಿಲ್ಲ. ನಡುವೆ ಒಂದು ಊರಿದೆ, ಊರಲ್ಲಿ ಮನೆಗಳಿವೆ, ಮನೆಗಳ ಮುಂದೆ ರಂಗೋಲಿಯೂ ಇದೆ. ಬಿಳಿ ಪುಡಿಗೆ ಕೊರತೆಯೇನು ಎಂದು ಹೇಳಹೊರಟವನು ನಾಲಗೆ ಕಚ್ಚಿಕೊಂಡೆ.

ಹುಡುಗ ಜಾಕೆಟ್ಟು ಹಾಕಿಕೊಂಡ. ಚೆನ್ನೈಯ ಸೆಕೆಯಲ್ಲಿ, ಕುತ್ತಿಗೆತನಕ ಜಿಪ್ ಎಳೆದುಕೊಂಡು, ನಡುಗುವವನಂತೆ ಕೈ ಕಟ್ಟಿ ನಿಂತ. ಗೆಳೆಯ ಕ್ಲಿಕ್ಕಿಸಿದ. ಊರಿನ ಹೆಸರು ಹಾಕಲಿಲ್ಲ, ಒಂದು ಹಿಮದ ಹರಳಿನ ಚಿತ್ರವನ್ನಷ್ಟೇ ಅಂಟಿಸಿ ಗುಂಪಿಗೆ ಬಿಟ್ಟ.

ಐದು ನಿಮಿಷ ಸದ್ದಿಲ್ಲ. ಆಮೇಲೆ ನಾದಿನಿ: “ಐಸ್‌ಲ್ಯಾಂಡಾ?” ಚಿಕ್ಕಪ್ಪ: “ವಾವ್, ನೇಚರ್.” ಹುಬ್ಬಳ್ಳಿಯ ದೊಡ್ಡಮ್ಮ: “ಸ್ವೆಟರ್ ಹಾಕ್ಕೋ, ಥಂಡಿ ಆದೀತು.” ಗುಂಪಿನ ಹೊರಗೆ ಲಂಡನ್ನಿನವನ ಖಾಸಗಿ ಸಂದೇಶವೂ ಬಂತು: “ಲೇ, ಯಾವ ಏರ್‌ಲೈನ್? ಟಿಕೆಟ್ ಎಷ್ಟಾತು?” ಮೂವರು ಹುಡುಗರು ಆಟೋದಲ್ಲಿ ಬಿದ್ದು ಬಿದ್ದು ನಕ್ಕರು, ನಗುವಾಗ ಮೂವರಿಗೂ ಕೆಮ್ಮು ಬಂತು.

ರೈಲು ಹತ್ತುವಷ್ಟರಲ್ಲಿ ಅಕ್ಕನ ಫೋನು. ಅವಳು ಶಕ್ತಿನಗರಕ್ಕೆ ಸೊಸೆಯಾಗಿ ಬಂದದ್ದು ಅಲ್ಲಿಯೇ ಇರುವ ರಾಯಚೂರು ಉಷ್ಣಸ್ಥಾವರದ ಮೊದಲ ಘಟಕ ಶುರುವಾದ 1985ರ ಆಚೀಚೆ. ಐಸ್‌ಲ್ಯಾಂಡಿನ ಮಾತು ಎತ್ತಲೇ ಇಲ್ಲ.

“ತಮ್ಮಾ, ಅವಂಗ ಹೇಳು. ರೂಮಿನ ಹೊರಗs ಬೂಟು ಝಾಡಿಸಿ ಒಳಗ ಹೋಗಂತ. ಆ ಜಾಕೀಟು ಬ್ಯಾರೆ ಅರಿವಿ ಜೋಡಿ ನೆನಿ ಹಾಕಬ್ಯಾಡಂತ ಹೇಳು, ಎಲ್ಲಾಕ್ಕೂ ಹತ್ತತದ. ಎರಡು ನೀರಿನಾಗ ಹೋಗಂಗಿಲ್ಲ ಅದು.”