ಶಾಲು ಹೊದ್ದ ಚಕ್ರವರ್ತಿಗಳು

ಉತ್ಸವದ ಹಂಗಾಮು ಬಂತು. ಲಕ್ಕುಂಡಿ, ಹಂಪಿ, ಕಿತ್ತೂರು, ಎಲ್ಲ ಕಡೆ ಅರಸರು ಮತ್ತೆ ಹುಟ್ಟುತ್ತಾರೆ. ಬಾಡಿಗೆಗೆ. ಹೊಳೆದಂಡೆಯ ಕೊರ್ಲಹಳ್ಳಿಯಂಥ ಊರಿನವರೂ ನೋಡಲು ಹೋಗುತ್ತಾರೆ. ನೋಡುವವರಿಗೆ ಸಿದ್ಧತೆ ಬೇಕಿಲ್ಲ. ವೇದಿಕೆ ಹತ್ತುವವರಿಗೆ ಮಾತ್ರ ತಿಂಗಳಿಂದ ನಿದ್ದೆಯಿಲ್ಲ.

ಮೊದಲು ಅರ್ಜಿ. ಅರ್ಜಿಗೊಂದು ಸ್ವಪರಿಚಯ. ಸ್ವಪರಿಚಯದ ಹಿಂದೆ ಶಿಫಾರಸು ಪತ್ರ. ಅದರ ಹಿಂದೆ ಫೋನು: “ನಮ್ದೂ ಒಂದ್ ಹೆಸ್ರು ಸೇರಸ್ರೀ ಸಾಹೇಬ್ರ.” ಸಾಧನೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಅಪಮಾನ. ಇಷ್ಟೆಲ್ಲ ಓಡಾಡಿ ಸನ್ಮಾನ ಗಿಟ್ಟಿಸಿದವರು ಮೈಕ್ ಹಿಡಿದು ಹೇಳುವ ಮೊದಲ ಮಾತು: “ನಾನು ಎಂದೂ ಪ್ರಶಸ್ತಿ ಬಯಸಿದವನಲ್ಲ.” ಚಪ್ಪಾಳೆ.

ಇನ್ನು ವೇಷ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ, ತನ್ನ ಹೆಸರಿನಲ್ಲೇ ಶಕೆ ಆರಂಭಿಸಿ, ಐವತ್ತು ವರ್ಷ ಆಳಿದ. ನಮ್ಮ ವಿಕ್ರಮಾದಿತ್ಯನ ಆಳ್ವಿಕೆ ಮೆರವಣಿಗೆಯಿಂದ ಊಟದ ಪಾಳಿಯವರೆಗೆ. ಮಖಮಲ್ಲಿನ ಅಂಗಿ, ಥರ್ಮಾಕೋಲಿನ ಕಿರೀಟ, ಕಾಲಿಗೆ ಸ್ಪೋರ್ಟ್ಸ್ ಶೂ. ಸನ್ಮಾನದ ಹೊತ್ತಿಗೆ ಆ ಕಿರೀಟವನ್ನೂ ತೆಗೆಸಿ ತಲೆಗೆ ಮೈಸೂರು ಪೇಟ ಇಡುತ್ತಾರೆ. ಕಲ್ಯಾಣದ ಚಕ್ರವರ್ತಿಗೆ ಒಡೆಯರ ಪೇಟ! ಇತಿಹಾಸ ಉಳಿಸುತ್ತಿದ್ದೇವೆ ಎಂದು ಭಾಷಣ ಬೇರೆ.

ನಿರೂಪಕರ ಬಿರುದಾವಳಿ ಕೇಳಬೇಕು. ಚಾಲುಕ್ಯರ ಶಾಸನಗಳಲ್ಲೂ ಬಿರುದುಗಳ ಸಾಲೇ ಇದೆ. ಆದರೆ ಬಿರುದು ಮುಗಿದ ಮೇಲೆ ದತ್ತಿ ಬರುತ್ತದೆ: ಯಾವ ಗುಡಿಗೆ, ಯಾವ ಕೆರೆಗೆ, ಎಷ್ಟು ಮತ್ತರು ಭೂಮಿ. ನಮ್ಮಲ್ಲಿ ಬಿರುದು ಮುಗಿದ ಮೇಲೆ ಫೋಟೊ ಬರುತ್ತದೆ.

ಲಕ್ಕುಂಡಿಯ ಅತ್ತಿಮಬ್ಬೆಯನ್ನೇ ನೋಡಿ. 1007ರ ಹೊತ್ತಿಗೆ ಬಸದಿ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಒಂದೊಂದನ್ನೂ ಕೈಯಲ್ಲಿ ಬರೆಸಿ. ಈಗ ಅವಳ ವೇಷ ತೊಟ್ಟ ಹುಡುಗಿಯನ್ನು ಬಿಸಿಲಲ್ಲಿ ಟ್ರ್ಯಾಕ್ಟರ್ ಮೇಲೆ ನಿಲ್ಲಿಸುತ್ತೇವೆ. ಊರ ಗ್ರಂಥಾಲಯಕ್ಕೆ ಪುಸ್ತಕ ಕೇಳಿದರೆ ಅನುದಾನವಿಲ್ಲ. ಶಾಲಿಗೆ ಇದೆ. ಹಾರಕ್ಕೆ ಇದೆ. ಹಣ್ಣಿನ ಬುಟ್ಟಿಗೆ ಧಾರಾಳವಾಗಿ ಇದೆ.

ಆ ಕಾಲದ ಸನ್ಮಾನ ಹೇಗಿತ್ತು ಗೊತ್ತೆ? ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಓದಿ. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ, ಬೇಕಾದ್ದು ಕೇಳು ಎಂದರು. ಅವನು ಊರು ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಾಳಿ ಅರ್ಜಿ ಹಾಕಿರಲಿಲ್ಲ. ಶಾಸಕರನ್ನು ಕಂಡಿರಲಿಲ್ಲ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ದೇವರು. ನಮ್ಮ ಫ್ಲೆಕ್ಸಿಗೂ ಮೂರು ಅಂತಸ್ತು. ಕೆಳಗೆ “ಶುಭ ಕೋರುವವರು”, ನಡುವೆ ಕೈ ಮುಗಿದ ಸನ್ಮಾನಿತರು, ಮೇಲೆ ಸಚಿವರು. ಕಾಳಗ ಮಾತ್ರ ಕಾಣೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರವೇ 2016ರಲ್ಲಿ ನಿಷೇಧಿಸಿತು. ಸರ್ಕಾರಿ ಉತ್ಸವದ ದಾರಿಯುದ್ದಕ್ಕೂ ಅದೇ ಫ್ಲೆಕ್ಸಿನಿಂದ ಸಚಿವರು ನಗುತ್ತಾರೆ.

ಉತ್ಸವ ಬೇಡ ಎನ್ನುತ್ತಿಲ್ಲ. ವೇಷ ಹಾಕುವ ಹುಡುಗರ ಮೇಲೂ ಸಿಟ್ಟಿಲ್ಲ. ಅವರಾದರೂ ಬಣ್ಣ ಬಳಿದುಕೊಂಡು, ಇದು ವೇಷ ಎಂದು ಒಪ್ಪಿಕೊಳ್ಳುತ್ತಾರೆ. ವೇದಿಕೆಯ ಸೋಫಾದಲ್ಲಿ ಕೂತವರು ಒಪ್ಪಿಕೊಳ್ಳುವುದಿಲ್ಲ.

ತುರು ಕಾಯಲು ಹೋಗಿ ಸತ್ತವರ ಕಲ್ಲುಗಳು ನಮ್ಮ ಎಷ್ಟೋ ಊರುಗಳಲ್ಲಿ ಇವತ್ತಿಗೂ ಎಮ್ಮೆ ಕಟ್ಟುವ ಗೂಟ, ಬಟ್ಟೆ ಒಗೆಯುವ ಹಾಸು. ಸನ್ಮಾನದ ಅರ್ಜಿ ತುಂಬುತ್ತಿರುವ ಮಹನೀಯರೇ, ಪೆನ್ನು ಒಂದು ಗಳಿಗೆ ಕೆಳಗಿಡಿ. ಮೊದಲು ಆ ಎಮ್ಮೆ ಬಿಚ್ಚಿ ಬೇರೆ ಕಡೆ ಕಟ್ಟಿ. ಕಲ್ಲು ತೊಳೆಯಿರಿ. ಅಷ್ಟು ಮಾಡಿದರೆ ನಿಮ್ಮ ಸ್ವಪರಿಚಯದಲ್ಲಿ ಬರೆಯಲು ಒಂದಾದರೂ ನಿಜವಾದ ಸಾಲು ಸಿಕ್ಕೀತು.