ಮೊಣಕಾಲಿನ ಹಕ್ಕಳೆಯ ಮನದಾಳ

(ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಲು ಹೋಗಿ ಬಂಡೆಯ ಮೇಲೆ ಜಾರಿಬಿದ್ದವರೊಬ್ಬರ ಮೊಣಕಾಲಲ್ಲಿ ಠಿಕಾಣಿ ಹೂಡಿರುವ ಹಕ್ಕಳೆ, ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮಾತಿಗೆ ಸಿಕ್ಕಿತು.)

ಗಾಯ ಮಾಯಿಸುತ್ತಿರುವವರು ನೀವೇ ಅಂತೆ?

ನಾನು ಬರೀ ಮುಚ್ಚಳ ಕಣಪ್ಪಾ. ಒಣಗಿದ ರಕ್ತ, ಅದನ್ನ ಹೆಪ್ಪುಗಟ್ಟಿಸಿದ ಫೈಬ್ರಿನ್ನು, ಸತ್ತ ಕೋಶ. ಕೆಲಸ ಎಲ್ಲಾ ಕೆಳಗೆ ನಡೀತೈತೆ.

ಕೆಳಗೆ ಹೊಸ ಕೋಶ ಹುಟ್ಟಿಸುವ ಸ್ಟೆಮ್ ಸೆಲ್‌ಗಳು ಇದ್ದಾರಾ?

ಎಲ್ಲರೂ ಅವರನ್ನೇ ಕೇಳ್ತೀರಿ. ಬಿದ್ದ ಕೆಲವೇ ಗಂಟೆಯಲ್ಲಿ ಓಡಿಬಂದು, ರೋಗಾಣು ನುಂಗಿ ಸತ್ತ ಬಿಳಿ ರಕ್ತಕಣ ನ್ಯೂಟ್ರೋಫಿಲ್‌ಗಳನ್ನ ಯಾರೂ ಕೇಳಲ್ಲ. ಅವರ ಹೆಣಕ್ಕೆ ನೀವಿಟ್ಟ ಹೆಸರು ಕೀವು.

ಆಮೇಲೆ?

ಮ್ಯಾಕ್ರೊಫೇಜ್ ಅನ್ನೋ ಇನ್ನೊಂದು ಜಾತಿ ಬಿಳಿ ರಕ್ತಕಣಗಳು ಬಂದ್ರು. ಮೊದಮೊದಲು ಬರೀ ಹೊಡಿ-ಬಡಿ. ಉರಿ, ಬಾವು ಎಲ್ಲಾ ಆಗ್ಲೇ. ದಿನ ಕಳೆದಂಗೆ ಅವರೇ ಕಸ ಬಳಿದು, ಹೊಸ ರಕ್ತನಾಳ ಬೆಳೀಲಿ, ಚರ್ಮ ಕೂಡಲಿ ಅಂತ ಸಂಕೇತ ಕಳಿಸ್ತಾರೆ. ಥೇಟ್ ಕಳಿಂಗ ಯುದ್ಧ ಮುಗಿಸಿ ಮನಸ್ಸು ಬದಲಾಯಿಸಿದ ಅಶೋಕ. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಸಲ ಈ ಮನಪರಿವರ್ತನೆ ಆಗೋದೇ ಇಲ್ಲ. ಗಾಯ ತಿಂಗಳುಗಟ್ಟಲೆ ಹಸಿ.

ಸ್ಟೆಮ್ ಸೆಲ್‌ಗಳನ್ನು ಎಬ್ಬಿಸುವವರು ಯಾರು?

ಇಂಥ ಜಗಳಗಂಟ ರೋಗನಿರೋಧಕ ಕೋಶಗಳೇ! ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ಕಾಲಿನ್ ಜಮೋರಾ ತಂಡದವರು 2017ರಲ್ಲಿ ಇಲಿಗಳಲ್ಲಿ ತೋರಿಸಿದ್ರು: ಹೊರಚರ್ಮ ಐಎಲ್-1 ಅನ್ನೋ ಸಂಕೇತ ಬಿಡ್ತೈತೆ, ಅದಕ್ಕೆ ಗಾಮಾ-ಡೆಲ್ಟಾ ಟಿ ಕೋಶಗಳು ಚುರುಕಾಗ್ತಾವೆ, ಅವು ಕೂದಲ ಬುಡದ ಸ್ಟೆಮ್ ಸೆಲ್‌ಗಳನ್ನ ಕೆಲಸಕ್ಕೆ ಹಚ್ತಾವೆ. ಯಾರೂ ಕರೀದೆ ಅವರು ಏಳೋ ಪೈಕಿ ಅಲ್ಲ.

ಸ್ಟೆಮ್ ಸೆಲ್ ಕ್ರೀಮು ಹಚ್ಚಿದರೆ?

(ನಕ್ಕು, ಅಂಚಿನಲ್ಲಿ ಬಿರುಕು ಬಿಟ್ಟು) ಸೇಬಿನ ಸ್ಟೆಮ್ ಸೆಲ್ ಅಂತ ಮಾರ್ತಾರಲ್ಲ, ಅದಾ? ಸೇಬಿಗೆ ಮೊಣಕಾಲು ಎಲ್ಲೈತೆ ಸ್ವಾಮಿ? ಐಸಿಎಂಆರ್ 2017ರ ಮಾರ್ಗಸೂಚಿ ಓದಿ. ರಕ್ತದ ಕಾಯಿಲೆಗಳಿಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆ ಎಲ್ಲಾ ಇನ್ನೂ ಪ್ರಯೋಗ ಅಂತೈತೆ. ಕಾಸು ಕೊಟ್ಟು ಪ್ರಯೋಗದ ಇಲಿ ಆಗೋರು ನೀವೇ.

ಅರಿಶಿನ, ಕಾಫಿಪುಡಿ?

ಎರಡೂ ಮೆತ್ತಿಸ್ಕೊಂಡಾಯ್ತು. ಸೋಪುನೀರು ಮಾತ್ರ ಯಾರಿಗೂ ಹೊಳೀಲಿಲ್ಲ.

ಪಕ್ಕದಲ್ಲೇ ಸಂಶೋಧನಾ ಸಂಸ್ಥೆಗಳ ಕುದಾಪುರ. ವಿಜ್ಞಾನಿಗಳು ಬಂದು ವಿಚಾರಿಸಿದರೇ?

ಅಲ್ಲಿಯ ಅಮೃತಮಹಲ್ ದನಗಳ ಕಾವಲಲ್ಲಿ ಐಐಎಸ್ಸಿ, ಡಿಆರ್‌ಡಿಒ, ಬಿಎಆರ್‌ಸಿ ಎಲ್ಲಕ್ಕೂ ಜಾಗ ಸಿಕ್ಕೈತೆ. ನನಗೆ ಅಂಗೈ ಅಗಲ ಬ್ಯಾಂಡೇಜ್ ಸಿಕ್ಕಿಲ್ಲ.

ಮುಂದಿನ ಯೋಜನೆ?

ಕೆಳಗೆ ಚರ್ಮ ಕೂಡಿದ ದಿನ ಉದುರೋದು. ಯಾರೂ ಕೆರೀಬಾರದು ಅಷ್ಟೇ. ಕೆರೆದ್ರೆ ನ್ಯೂಟ್ರೋಫಿಲ್‌ಗಳು ಮತ್ತೆ ಮೊದಲಿಂದ...

(ಅಷ್ಟರಲ್ಲಿ ಉಗುರೊಂದು ಬಂದಿದ್ದರಿಂದ ಸಂದರ್ಶನ ಅಲ್ಲಿಗೇ ನಿಂತಿತು.)